ಒಂದೇ ಸಲ ಕೇಳುವ ಊರು

ಫ್ರಾನ್ಸಿಗೆ ಹೋಗಿ ಬಂದೆ ಎಂದ ಕೂಡಲೇ ಮೈಸೂರಿನಲ್ಲಿ ಎಲ್ಲರೂ ಕೇಳುವುದು ಐಫೆಲ್ ಗೋಪುರದ ಸುದ್ದಿಯನ್ನು. ಅದನ್ನು ನಾನು ಬಾಡಿಗೆ ಕಾರಿನ ಹಿಂದಿನ ಸೀಟಿನಿಂದ, ತಮ್ಮನ ತಲೆಗೂ ಅವನ ಹೆಂಡತಿಯ ತಲೆಗೂ ನಡುವಿನ ಸಂದಿಯಲ್ಲಿ ನೋಡಿದೆ. ಕಬ್ಬಿಣ ಚೆನ್ನಾಗಿದೆ. ನಾನು ಬರೆಯಹೊರಟಿರುವುದು ಅದರ ಬಗ್ಗೆಯಲ್ಲ, ಅಲ್ಲಿಂದ ಅರ್ಧ ದಿನ ದಕ್ಷಿಣಕ್ಕೆ ಕಾರು ಓಡಿಸಿದರೆ ಸಿಗುವ ಒಂದು ಸಣ್ಣ ಊರಿನ ಬಗ್ಗೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೂ ಓದುವುದು ಕಷ್ಟ. ಫ್ರೆಂಚರು ಬರೆದ ಅಕ್ಷರಗಳಲ್ಲಿ ಅರ್ಧವನ್ನು ಬಾಯಿಂದ ಆಡುವುದೇ ಇಲ್ಲ. ಮನಸ್ಸಿನಲ್ಲಿ ಇದ್ದದ್ದನ್ನು ನಾನೂ ಆ ಪ್ರವಾಸದಲ್ಲಿ ಬಾಯಿಂದ ಆಡಲಿಲ್ಲ. ಹಾಗಾಗಿ ಅವರನ್ನು ಗೇಲಿ ಮಾಡುವ ಹಕ್ಕು ನನಗಿಲ್ಲ.

ಕ್ಯಾಂಪ್‌ಬೆಲ್

ಹೊರಟದ್ದು ಮೈಸೂರಿನಿಂದಲ್ಲ, ಕ್ಯಾಂಪ್‌ಬೆಲ್‌ನಿಂದ. ಅದು ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಹೋಸೆಗೆ ಅಂಟಿಕೊಂಡಿರುವ ಊರು. ಅಲ್ಲಿ ನನ್ನ ತಮ್ಮ ರಂಗನಾಥ, ಅವನ ಹೆಂಡತಿ ವತ್ಸಲಾ, ಮಗಳು ಶಾಲಿನಿ ಇದ್ದಾರೆ. ರಂಗ ಕಂಪ್ಯೂಟರಿನ ಒಳಗೆ ಕೂರುವ ಚಿಪ್ಪುಗಳನ್ನು ಮಾಡುವ ಕಂಪನಿಯಲ್ಲಿ ಎಂಜಿನಿಯರು. ಆಫೀಸಿನಲ್ಲಿ ಅವನ ಹೆಸರು ರಾನ್. ವತ್ಸಲಾಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಶಾಲಿನಿಗೆ ಕನ್ನಡವೆಲ್ಲ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷು.

ನಾನು ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಹೇಳಿ ನಿವೃತ್ತಳಾದವಳು. ಅಮ್ಮ ಹೋದಾಗ ರಂಗನಿಗೆ ಮೂಗು ಒರೆಸಿಕೊಳ್ಳಲೂ ಬರುತ್ತಿರಲಿಲ್ಲ. ಅವನನ್ನು ಸಾಕಿ, ಓದಿಸಿ, ವಿಮಾನ ಹತ್ತಿಸುವಷ್ಟರಲ್ಲಿ ನನ್ನ ಮದುವೆಯ ವಯಸ್ಸು ದಾಟಿಹೋಗಿತ್ತು. ಅದನ್ನು ಯಾರೂ ಗಮನಿಸಲಿಲ್ಲ, ಗಮನಿಸಬೇಕೆಂದು ನಾನೂ ಹೇಳಲಿಲ್ಲ. ನಿವೃತ್ತಿಯಾದ ಮೇಲೆ ಅವನು ಟಿಕೆಟ್ಟು ಕಳಿಸಿ, ಬಂದು ಸ್ವಲ್ಪ ದಿನ ಇರು ಎಂದ. ನಾನು ಹೋದಾಗ ಅವರ ರಸ್ತೆಯ ಕೊನೆಯಲ್ಲಿದ್ದ ಆಪ್ರಿಕಾಟ್ ತೋಟದ ಮರಗಳೆಲ್ಲ ಹೂ ಬಿಟ್ಟಿದ್ದವು. ಹೊರಡುವ ಹೊತ್ತಿಗೆ ಕಾಯಿ ಬಣ್ಣ ತಿರುಗಿತ್ತು.

ನನಗೆ ಅಲ್ಲೇ ಉಳಿಯಬೇಕಿತ್ತು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಚ್ಚಿಟ್ಟು ಆಮೇಲೆ ತೆಗೆದು ತೋರಿಸುವಂಥದ್ದೇನಲ್ಲ. ಮೈಸೂರಿನ ನನ್ನ ಎರಡು ಕೋಣೆಗಳಲ್ಲಿ ರೇಡಿಯೋ ಬಿಟ್ಟರೆ ಮಾತನಾಡುವವರಿಲ್ಲ. ಕ್ಯಾಂಪ್‌ಬೆಲ್‌ನಲ್ಲಿ ಸಂಜೆ ಗ್ಯಾರೇಜಿನ ಬಾಗಿಲು ಗಡಗಡ ಎಂದು ಮೇಲೆದ್ದರೆ ರಂಗ ಬಂದ ಎಂದು ಅರ್ಥ. ಆ ಸದ್ದಿಗೆ ನಾನು ಒಗ್ಗರಣೆ ಇಡುತ್ತಿದ್ದೆ. ಶಾಲಿನಿ ಹೋಮ್‌ವರ್ಕು ಹಿಡಿದು ನನ್ನ ಪಕ್ಕ ಕೂರುತ್ತಿದ್ದಳು, ನಾನು ಅವಳಿಗೆ ನದಿಗಳನ್ನು ಬರೆಸುತ್ತಿದ್ದೆ. ಒಂದು ಜೀವಕ್ಕೆ ಇದಕ್ಕಿಂತ ಹೆಚ್ಚು ಏನು ಬೇಕು?

ಆದರೆ ಬಾಯಿ ಹೇಳಿದ್ದೇ ಬೇರೆ. ಸ್ಯಾನ್ ಹೋಸೆಯ ಎವರ್‌ಗ್ರೀನ್ ಬಡಾವಣೆಯ ಒಬ್ಬರ ಮನೆಯಲ್ಲಿ ಕನ್ನಡದವರೆಲ್ಲ ಊಟಕ್ಕೆ ಸೇರಿದ್ದರು. ಮನೆಯೊಡತಿ ಮಂಡ್ಯ ಕಡೆಯವಳು, ಒಳ್ಳೆಯ ಹುಡುಗಿ.

"ಇಲ್ಲೇ ಇದ್ಬಿಡಿ ಆಂಟಿ," ಎಂದಳು. "ನಮ್ಮನೆಯವರು ಅವರ ಅಕ್ಕಂಗೆ ಪೇಪರ್ಸ್ ಹಾಕಿದಾರೆ. ಸಿಟಿಜನ್ ಆದೋರು ಒಡಹುಟ್ಟಿದೋರನ್ನ ಕರೆಸ್ಕೋಬೋದು. ವರ್ಷಗಟ್ಟಲೆ ಆಗುತ್ತೆ, ಆದ್ರೆ ಆಗುತ್ತೆ."

"ಅಯ್ಯೋ, ಏನಿದೆಯಮ್ಮಾ ಇಲ್ಲಿ!" ಎಂದೆ. "ಕಾರಿಲ್ದೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರಕ್ಕಾಗಲ್ಲ. ನನಗೆ ನನ್ನ ಮೈಸೂರೇ ಸರಿ."

ರಂಗ ಹಿತ್ತಲಲ್ಲಿ ಜೋಳದ ತೆನೆ ಸುಡುತ್ತಿದ್ದ. ಮಾತು ಅವನ ಕಿವಿಗೆ ಬಿತ್ತೆಂದು ನನಗೆ ಗೊತ್ತು. ತಿರುಗಿ ನೋಡಲಿಲ್ಲ, ತೆನೆಯನ್ನು ತಿರುಗಿಸಿದ.

ನಮ್ಮ ಕಡೆಯ ಉಪಚಾರ ನಿಮಗೆ ಗೊತ್ತಿದೆ. ಕಾಫಿ ಬೇಕೆ ಎಂದರೆ ಬಂದವರು ಬೇಡ ಎನ್ನಬೇಕು. ಸ್ವಲ್ಪ ತಗೊಳ್ಳಿ ಎಂದರೆ ಈಗ ತಾನೇ ಆಯಿತು ಎನ್ನಬೇಕು. ಮೂರನೇ ಸಲಕ್ಕೆ, ನೀವು ಇಷ್ಟು ಹೇಳುತ್ತೀರಿ ಎಂದು ಅರ್ಧ ಲೋಟ ಎನ್ನಬೇಕು, ಆಮೇಲೆ ಪೂರ್ತಿ ಲೋಟ ಕುಡಿಯಬೇಕು. ಮೊದಲನೇ ಸಲಕ್ಕೇ ಹೂಂ ಎಂದವರನ್ನು ಹೊಟ್ಟೆಬಾಕರು ಎನ್ನುತ್ತಿದ್ದರು. ಮೊದಲನೇ ಬೇಡಕ್ಕೇ ಸುಮ್ಮನಾದವರಿಗೆ ಇನ್ನೂ ಕೆಟ್ಟ ಹೆಸರಿತ್ತು. ರಂಗನಿಗೆ ಇದನ್ನು ಕಲಿಸಿದವಳು ನಾನೇ. ಒಮ್ಮೆ ಪಕ್ಕದ ಮನೆಯ ಸಾವಿತ್ರಮ್ಮನವರು ಕೋಡುಬಳೆ ಡಬ್ಬಿ ತೆಗೆದು "ಬೇಕೇನೋ?" ಎಂದರಂತೆ. ಇವನು ಪಾಠ ಒಪ್ಪಿಸುವಂತೆ "ಬೇಡ" ಎಂದನಂತೆ. ಆ ಮಹಾತಾಯಿ ಡಬ್ಬಿಗೆ ಮುಚ್ಚಳ ಹಾಕಿ ಒಳಗಿಟ್ಟರಂತೆ. ಮನೆಗೆ ಬಂದು ನನ್ನ ಸೆರಗು ಹಿಡಿದು ಬಿಕ್ಕಿ ಬಿಕ್ಕಿ ಅತ್ತ. "ಅವರು ಇನ್ನೊಂದ್ಸಲ ಕೇಳ್ಲೇ ಇಲ್ಲ ಅಕ್ಕ!" ಅವತ್ತು ಸ್ಕೂಲಿನಿಂದ ದಣಿದು ಬಂದವಳು ಕೂತು ಅವನಿಗೆ ಕೋಡುಬಳೆ ಹೊಸೆದೆ. ಹಾಗಾಗಿ ಅಮೆರಿಕದಲ್ಲಿ ನಾನು ಬೇಡ ಬೇಡ ಎಂದಾಗೆಲ್ಲ, ಈ ಮನುಷ್ಯನಿಗೆ ಅದರ ಅರ್ಥ ಗೊತ್ತು ಎಂದು ನಿಶ್ಚಿಂತೆಯಿಂದ ಇದ್ದೆ.

ಒಂದು ದಿನ ಊಟದ ಮೇಜಿನಲ್ಲಿ ರಂಗ ಹೇಳಿದ: "ನನಗೆ ಪ್ಯಾರಿಸ್ಸಲ್ಲಿ ಮೀಟಿಂಗಿದೆ ಅಕ್ಕ. ಹೇಗೂ ನೀನು ವಾಪಸ್ ಹೋಗ್ಬೇಕಲ್ಲ, ಅರ್ಧ ದಾರಿ ನಾವೂ ಬರ್ತೀವಿ. ಆಫೀಸಲ್ಲಿ ಒಬ್ರು ಒಂದು ಹಳೇ ಊರು ಹೇಳಿದಾರೆ. ಕೋಟೆ ಇದೆ, ನದಿ ಇದೆ, ಬೋಟಿಂಗಿದೆ. ಎಲ್ಲಾರೂ ಒಂದು ವಾರ ಆರಾಮಾಗಿ ಇರೋಣ."

"ಹೇಗೂ" ಎಂಬ ಮಾತು ಅನ್ನದಲ್ಲಿ ಕಲ್ಲು ಸಿಕ್ಕಿದಂತೆ ಸಿಕ್ಕಿತು. ಮಾರನೆಯ ವಾರ ನನ್ನ ಕೋಣೆಯಲ್ಲಿ ಚಕ್ರವಿರುವ ಹೊಸ ಸೂಟ್‌ಕೇಸು ಪ್ರತ್ಯಕ್ಷವಾಯಿತು. ವತ್ಸಲಾ ತಂದಿಟ್ಟಿದ್ದಾಳೆ ಎಂದುಕೊಂಡೆ. ಪೆಟ್ಟಿಗೆ ಕೊಡುವವರು ಇರು ಎನ್ನುತ್ತಾರೆಯೇ? ಸೊಸೆಯಂದಿರ ಕೆಲಸವೇ ಹೀಗೆ, ಮಾತಿಲ್ಲದೆ ಮುಗಿಸುತ್ತಾರೆ ಎಂದು ಮನಸ್ಸಿನಲ್ಲೇ ಅವಳ ಮೇಲೆ ಹಲ್ಲು ಕಡಿದೆ.

ಮದಾಂ ಮನೆ

ಊರು ತಲುಪಿದಾಗ ಮಧ್ಯಾಹ್ನ. ಒಂದು ನರಪಿಳ್ಳೆಯೂ ರಸ್ತೆಯಲ್ಲಿಲ್ಲ. ಅಂಗಡಿ, ಬ್ಯಾಂಕು, ಅಂಚೆ ಕಚೇರಿ, ಔಷಧಿಯಂಗಡಿ ಎಲ್ಲಕ್ಕೂ ಬಾಗಿಲು. ಯಾರೋ ದೊಡ್ಡವರು ತೀರಿಕೊಂಡಿರಬೇಕು ಎಂದು ನಾನು ಹೇಳಿದೆ. ಊರಿಗೆ ಊರೇ ಊಟಕ್ಕೆ ಕೂತಿದೆ ಎಂದು ಆಮೇಲೆ ಗೊತ್ತಾಯಿತು. ನಾವು ಇಳಿದುಕೊಳ್ಳಬೇಕಾದ ಮನೆಯ ಒಡತಿ, ಎಲ್ಲರೂ ಮದಾಂ ಎನ್ನುವ ಹೆಂಗಸು, ಕಿಟಕಿಯಿಂದ ನಮ್ಮನ್ನು ನೋಡಿದಳು, ಬೆರಳೆತ್ತಿ ಏನೋ ಹೇಳಿದಳು, ಪರದೆ ಎಳೆದಳು. ಊಟ ಮುಗಿಸಿ, ಕಾಫಿ ಕುಡಿದು, ಬಾಯಿ ಒರೆಸಿಕೊಂಡ ಮೇಲೇ ಬಾಗಿಲು ತೆರೆದದ್ದು. ಅಲ್ಲಿಯವರೆಗೆ ನಾವು ನಾಲ್ವರೂ ಮೆಟ್ಟಿಲ ಮೇಲೆ, ಪೆಟ್ಟಿಗೆಗಳ ನಡುವೆ ಕೂತಿದ್ದೆವು. ನಮ್ಮಲ್ಲಾಗಿದ್ದರೆ ಊಟದ ಎಲೆ ಬಿಟ್ಟು ಎದ್ದು ಬಂದು, ಇನ್ನೂ ನಾಲ್ಕು ಎಲೆ ಹಾಕಿ, ಒಳಗೆ ಹೋಗಿ ಅನ್ನ ಸಾಲದೆಂದು ಗೊಣಗುತ್ತಿದ್ದರು. ಯಾವುದು ಮೇಲೋ ಹೇಳಲಾರೆ. ಮದಾಂ ಗೊಣಗಲಿಲ್ಲ ಎಂಬುದಂತೂ ನಿಜ.

ಮಾಂಸ ತಿನ್ನುವುದಿಲ್ಲ ಎಂದು ರಂಗ ಪುಸ್ತಕ ನೋಡಿಕೊಂಡು ಫ್ರೆಂಚಿನಲ್ಲಿ ಹೇಳಿದ. ಮದಾಂ ಬಹಳ ಕನಿಕರದಿಂದ ತಲೆಯಾಡಿಸಿ ಹುರಿದ ಆಲೂಗೆಡ್ಡೆ ತಂದಿಟ್ಟಳು. ಘಮ್ಮೆಂದಿತು. ಶಾಲಿನಿ ಎರಡು ಸಲ ಹಾಕಿಸಿಕೊಂಡು ತಿಂದಳು. ಇಷ್ಟು ರುಚಿಯ ಗುಟ್ಟೇನೆಂದು ವತ್ಸಲಾ ಕೈಸನ್ನೆಯಲ್ಲಿ ಕೇಳಿದ್ದಕ್ಕೆ ಮದಾಂ ಹೆಮ್ಮೆಯಿಂದ ಒಂದು ಜಾಡಿ ತಂದು ತೋರಿಸಿದಳು. ಬಾತುಕೋಳಿಯ ಕೊಬ್ಬು. ನಾನು ತಟ್ಟೆ ಸರಿಸಿದೆ. ಆ ಊರಿನಲ್ಲಿ ಬಾತುಕೋಳಿ ನಮ್ಮ ತೆಂಗಿನಕಾಯಿಯ ಹಾಗೆ, ಯಾವುದರಲ್ಲಿ ಇಲ್ಲ ಎಂದು ಹೇಳುವಂತಿಲ್ಲ.

ಮಾರನೆಯ ಬೆಳಿಗ್ಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಮದಾಂ ಬುಟ್ಟಿಯ ತುಂಬ ಬಿಸಿ ಬ್ರೆಡ್ಡು ತಂದಳು. ಒಂದು ತುಂಡು ತಿಂದೆ. ಇನ್ನೊಂದು ಬೇಕೆ ಎಂಬಂತೆ ಬುಟ್ಟಿ ಮುಂದೆ ಹಿಡಿದಳು. ನಾನು ಅಭ್ಯಾಸಬಲದಿಂದ ಅಂಗೈ ಅಡ್ಡ ಹಿಡಿದು, ನಗುತ್ತಾ, "ನೋ ನೋ" ಎಂದೆ. ಬುಟ್ಟಿ ಅಡಿಗೆಮನೆಗೆ ಹೋಯಿತು. ಮತ್ತೆ ಬರಲಿಲ್ಲ. ನಾನು ಬಾಗಿಲ ಕಡೆ ನೋಡುತ್ತಾ ಕೂತೇ ಇದ್ದೆ.

ಕೋಟೆ

ಊರಿನ ತಲೆಯ ಮೇಲೆ ಬಂಡೆ, ಬಂಡೆಯ ಮೇಲೆ ಕೋಟೆ. ಮನೆಗಳ ಮಾಡಿಗೂ ಹಂಚಿಲ್ಲ, ಚಪ್ಪಡಿ ಕಲ್ಲು. ಟಿಕೆಟ್ಟು ಕೊಂಡು ಒಳಗೆ ಹೋದರೆ, ಕೋಟೆಯನ್ನು ತೋರಿಸುವ ಹೆಂಗಸು ಒಂದೊಂದು ಕೋಣೆಯಲ್ಲೂ ನಿಲ್ಲಿಸಿ ಫ್ರೆಂಚಿನಲ್ಲಿ ಪ್ರವಚನ ಕೊಟ್ಟಳು. ಯುದ್ಧ ಎಂದಾಗ ಮುಷ್ಟಿ ಹಿಡಿಯುತ್ತಿದ್ದಳು, ರಾಣಿ ಎಂದಾಗ ಕುತ್ತಿಗೆ ಕೊಂಕಿಸುತ್ತಿದ್ದಳು. ಅಷ್ಟು ಸಾಕಿತ್ತು ನನಗೆ. ಎಲ್ಲ ದೇಶದ ಕೋಟೆಗಳ ಕಥೆಯೂ ಒಂದೇ: ಯಾರೋ ಕಟ್ಟಿದರು, ಯಾರೋ ಕೆಡವಿದರು, ಯಾರೋ ಟಿಕೆಟ್ಟು ಹರಿಯುತ್ತಿದ್ದಾರೆ.

ಆದರೂ ಹೊಟ್ಟೆಕಿಚ್ಚಾಯಿತು. ನಮ್ಮ ಶ್ರೀರಂಗಪಟ್ಟಣದ ಕೋಟೆಗೋಡೆಯ ಮೇಲೆ ಅರಳಿ ಗಿಡ ಬೆಳೆದು ಕಲ್ಲು ಸೀಳುವುದನ್ನು ನಾನೇ ಚಿಕ್ಕಂದಿನಿಂದ ನೋಡಿದ್ದೇನೆ. ಟಿಪ್ಪುವಿನ ಕಾಲದಲ್ಲಿ ಅವನ ಪರವಾಗಿ ಈ ಫ್ರೆಂಚರೇ ಅಲ್ಲಿಗೆ ಬಂದು ಫಿರಂಗಿ ಹಾರಿಸಿದ್ದರು. ಇಲ್ಲಿ ನೋಡಿದರೆ ಮುರಿದ ನೇಗಿಲು, ತುಕ್ಕು ಹಿಡಿದ ಬಾಣಲೆ, ಯಾವನೋ ರೈತನ ಹಳೆಯ ಕಟ್ಟಿಗೆಯ ಬೂಟು, ಎಲ್ಲವನ್ನೂ ಒರೆಸಿ ಗಾಜಿನ ಒಳಗಿಟ್ಟಿದ್ದಾರೆ.

ರಂಗ ಕ್ಯಾಮೆರಾ ಇಳಿಸಿ ಹೇಳಿದ: "ನೋಡಕ್ಕ, ಹಳೇದನ್ನ ಇವ್ರು ಎಷ್ಟು ಚೆನ್ನಾಗಿ ಇಟ್ಕೊಂಡಿದಾರೆ!"

"ಹೂಂ ಕಣೋ. ಕಲ್ಲನ್ನ ಇಟ್ಕೊಳ್ಳೋದು ಸುಲಭ. ಊಟ ಕೇಳಲ್ಲ."

ಅವನು ಜೋರಾಗಿ ನಕ್ಕ. ನಾನು ತಮಾಷೆ ಮಾಡಿದೆ ಎಂದುಕೊಂಡ. ವತ್ಸಲಾ ನಗಲಿಲ್ಲ. ಅದನ್ನೂ ನಾನು ಅವಳ ಬಿಗುಮಾನದ ಲೆಕ್ಕಕ್ಕೆ ಬರೆದುಕೊಂಡೆ.

ನದಿ

ಆ ಊರಿನ ಕೆಳಗೆ ಡೋರ್ಡೋನ್ ಹರಿಯುತ್ತದೆ. ಈ ನದಿಯ ಹೆಸರನ್ನು ನಾನು ಕಪ್ಪು ಹಲಗೆಯ ಮೇಲೆ ಎಷ್ಟು ವರ್ಷ ಬರೆದಿದ್ದೇನೆ! ನೀಲಿ ಸೀಮೆಸುಣ್ಣದಲ್ಲಿ ಒಂದು ಡೊಂಕು ಗೆರೆ ಎಳೆದು, ಪಶ್ಚಿಮಕ್ಕೆ ಹರಿದು ಸಮುದ್ರ ಸೇರುತ್ತದೆ ಎಂದು ಹೇಳಿ, ಒರೆಸಿ, ಮುಂದಿನ ನದಿಗೆ ಹೋಗುತ್ತಿದ್ದೆ. ಈಗ ನನ್ನ ಗೆರೆ ಎದುರಿಗೇ ಹರಿಯುತ್ತಿತ್ತು. ಹಸಿರು ನೀರು, ತಳದ ಬೆಣಚುಕಲ್ಲುಗಳು ಕಾಣುತ್ತಿದ್ದವು. ದಡದಲ್ಲಿ ಸಾಲಾಗಿ ಬಣ್ಣದ ಉದ್ದ ದೋಣಿಗಳು. ಹತ್ತಿ ಹುಟ್ಟು ಹಾಕಿಕೊಂಡು ಕೆಳಗಿನ ಊರಿನ ತನಕ ತೇಲಿ ಹೋದರೆ ದೋಣಿಯವರೇ ವ್ಯಾನಿನಲ್ಲಿ ವಾಪಸ್ಸು ತಂದುಬಿಡುತ್ತಾರೆ. ಫ್ರೆಂಚರು ಅಜ್ಜ ಅಜ್ಜಿಯರ ಸಮೇತ ಹೊರಟಿದ್ದರು. ಒಂದು ದೋಣಿಯಲ್ಲಂತೂ ಎರಡು ನಾಯಿಗಳು ಗಂಭೀರವಾಗಿ ಕೂತಿದ್ದವು.

ಅವತ್ತು ಬೆಳಿಗ್ಗೆ ನಾನು ಹತ್ತಿ ಸೀರೆ ಬಿಟ್ಟು ನೈಲಾನ್ ಸೀರೆ ಉಟ್ಟಿದ್ದೆ. ಒದ್ದೆಯಾದರೂ ಬೇಗ ಒಣಗುತ್ತದೆ ಎಂದು. ಸೆರಗಿಗೆ ಪಿನ್ನು ಹಾಕಿದ್ದೆ, ಕೂದಲನ್ನು ಬಿಗಿಯಾಗಿ ಗಂಟು ಕಟ್ಟಿದ್ದೆ. ಅಜ್ಜಿಯ ಊರಿನಲ್ಲಿ ಕಾವೇರಿಯನ್ನು ಹರಿಗೋಲಿನಲ್ಲಿ ದಾಟಿ ಬೆಳೆದವಳು ನಾನು. ಈಜೂ ಬರುತ್ತಿತ್ತು. ನಾವು ನಾಲ್ವರು, ಒಂದು ದೋಣಿಗೆ ಇಬ್ಬರಂತೆ ಎರಡು ದೋಣಿ. ಲೆಕ್ಕವೂ ಸರಿಯಾಗಿತ್ತು.

"ಅಕ್ಕ, ಬರ್ತೀಯಾ?" ಎಂದ ರಂಗ, ಪ್ಯಾಂಟಿನ ಕಾಲು ಮಡಿಸಿಕೊಳ್ಳುತ್ತಾ.

"ಬೇಡಪ್ಪ, ಈ ವಯಸ್ಸಲ್ಲಿ ನನಗ್ಯಾಕೆ. ನೀವು ಹೋಗ್ಬನ್ನಿ."

"ಸರಿ ಹಾಗಾದ್ರೆ. ಈ ಬ್ಯಾಗು ನೋಡ್ಕೋತಾ ಇರು."

ಅಷ್ಟೇ. ಅವನ ಬೂಟು, ವತ್ಸಲಾಳ ಚಪ್ಪಲಿ, ಕ್ಯಾಮೆರಾ ಚೀಲ ನನ್ನ ಕಾಲ ಬಳಿ ಬಂದವು. ಒಂದೇ ದೋಣಿ ತೆಗೆದುಕೊಂಡು, ಮಗುವನ್ನು ನಡುವೆ ಕೂರಿಸಿಕೊಂಡು ಹೊರಟರು. ವತ್ಸಲಾ ಹತ್ತುವ ಮೊದಲು ನನ್ನ ಸೀರೆಯನ್ನು, ಸೆರಗಿನ ಪಿನ್ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ರಂಗ ದೋಣಿಯನ್ನು ನೂಕಿದ್ದ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ನಮ್ಮಲ್ಲಿ ಗಾದೆ. ನೋಡಿ, ನಾನು ಬಂದೆ, ನೀರಿನ ಅಂಚಿನ ತನಕ ಬಂದೆ, ಬೂಟು ಕಾಯುತ್ತಾ ಕೂತೆ. ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಯಿತು.

ನನ್ನಿಂದ ಸ್ವಲ್ಪ ದೂರದಲ್ಲಿ ಒಂದು ಮುದಿ ದಂಪತಿ ಕಾರಿನಿಂದ ಮಡಿಸುವ ಮೇಜು ಇಳಿಸಿದರು. ಅದರ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಹಾಸಿದರು. ತಟ್ಟೆ, ಗಾಜಿನ ಲೋಟ, ಬಟ್ಟೆಯ ಕರವಸ್ತ್ರ, ಕೊನೆಗೆ ಒಂದು ಸಣ್ಣ ಹೂದಾನಿಯೂ ಬಂತು. ನಾವು ಬಸ್ಸಿನ ಕಿಟಕಿಗೆ ಒರಗಿ, ಬಾಳೆಎಲೆ ಬಿಚ್ಚಿ, ಡ್ರೈವರು ಹಾರನ್ನು ಹೊಡೆಯುವುದರೊಳಗೆ ಚಿತ್ರಾನ್ನ ಮುಗಿಸುವವರು. ಇವರು ನದಿಯ ದಡದಲ್ಲಿ ಮದುವೆ ಮನೆಯವರ ಹಾಗೆ ಒಂದಾದ ಮೇಲೊಂದು ಬಡಿಸಿಕೊಂಡು ತಿಂದರು. ನಡುವೆ ಆ ಹೆಂಗಸು ಒಂದು ಬಟ್ಟಲು ಚೆರ್ರಿ ಹಣ್ಣು ಹಿಡಿದು ಎದ್ದು ಬಂದಳು, ನನ್ನ ಮುಂದೆ ಚಾಚಿದಳು.

"ನೋ ನೋ," ಎಂದಿತು ನನ್ನ ಬಾಯಿ, ನನ್ನನ್ನು ಕೇಳದೆ.

ಅವಳು ಮರ್ಯಾದೆಯಿಂದ ತಲೆಬಾಗಿ ವಾಪಸ್ಸು ಹೋದಳು. ನಾನು ಹಸಿದಿದ್ದೆ. ಗಂಟಲು ಒಣಗಿತ್ತು. ಆ ಕೆಂಪು ಹಣ್ಣುಗಳನ್ನು ಗಂಡ ಹೆಂಡತಿ ಒಂದೊಂದಾಗಿ ತಿಂದು ಬೀಜವನ್ನು ತಟ್ಟೆಯ ಅಂಚಿನಲ್ಲಿ ಜೋಡಿಸುವುದನ್ನು ನೋಡುತ್ತಾ ಕೂತೆ. ಸಾವಿತ್ರಮ್ಮನವರ ಮನೆಯಿಂದ ಅಳುತ್ತಾ ಬಂದ ರಂಗನ ಮುಖ ನೆನಪಾಯಿತು. ಎಷ್ಟೋ ಹೊತ್ತಿನ ಮೇಲೆ, ಸಾಮಾನು ಕಟ್ಟುವಾಗ, ಆ ಹೆಂಗಸು ಉಳಿದ ಹಣ್ಣನ್ನು ಎತ್ತಿ ದೂರದಿಂದಲೇ ತೋರಿಸಿ ಹುಬ್ಬೇರಿಸಿದಳು.

"ವೀ," ಎಂದೆ.

ಫ್ರೆಂಚಿನ ಹೌದು ಅದು. ಮದಾಂ ಮನೆಯಲ್ಲಿ ಕೇಳಿ ಕೇಳಿ ಕಿವಿಗೆ ಬಿದ್ದಿತ್ತು. ನನಗೆ ತಿಳಿದ ಮಟ್ಟಿಗೆ, ಕೊಟ್ಟ ವಸ್ತುವನ್ನು ಮೂರನೇ ಸಲಕ್ಕೆ ಕಾಯದೆ ಹೌದೆಂದು ತೆಗೆದುಕೊಂಡದ್ದು ಜೀವನದಲ್ಲಿ ಅದೇ ಮೊದಲು. ಆಕಾಶ ಬೀಳಲಿಲ್ಲ. ಹಣ್ಣು ಸಿಹಿಯಾಗಿತ್ತು. ನಮ್ಮದಲ್ಲದ ಭಾಷೆಯಲ್ಲಿ ನಾಚಿಕೆ ಇರುವುದಿಲ್ಲವೆಂದು ಕಾಣುತ್ತದೆ. ಹೊಟ್ಟೆಬಾಕಿ ಎನ್ನಲು ಅಲ್ಲಿ ನಮ್ಮ ಅಜ್ಜಿ ಇರಲಿಲ್ಲ.

ನಮ್ಮವರು ವ್ಯಾನಿನಿಂದ ಇಳಿದು ಬಂದರು, ಮೂವರೂ ತೊಯ್ದು, ಕೆಂಪಗೆ.

"ಅತ್ತೆ, ಯು ಶುಡ್ ಹ್ಯಾವ್ ಕಮ್!" ಎಂದು ಶಾಲಿನಿ ನನ್ನ ಕೊರಳಿಗೆ ಬಿದ್ದಳು.

"ಸರಿಯಾಗಿ ಕರೆದಿದ್ರೆ ಬರ್ತಿದ್ದೆ ಕಣೇ."

"ಬಟ್ ಡ್ಯಾಡ್ ಆಸ್ಕ್ಡ್ ಯು!"

"ಒಂದ್ಸಲ ಕೇಳ್ದ."

ರಂಗ ಬೂಟಿನ ಲೇಸು ಕಟ್ಟುತ್ತಿದ್ದ, ತಲೆ ಎತ್ತಲಿಲ್ಲ. ವತ್ಸಲಾ ಒದ್ದೆ ಕೂದಲು ಹಿಂಡುತ್ತಾ ಒಮ್ಮೆ ನನ್ನನ್ನೂ ಒಮ್ಮೆ ಗಂಡನನ್ನೂ ನೋಡಿದಳು.

ಸಂತೆಯ ದಿನ

ಶನಿವಾರ ಚರ್ಚಿನ ಮುಂದೆ ಸಂತೆ. ಮೂಲಂಗಿಯನ್ನು ಹೂಗುಚ್ಛದಂತೆ ಕಟ್ಟಿ ಇಟ್ಟಿದ್ದರು. ಮುಟ್ಟಲು ಹೋದರೆ ಅಂಗಡಿಯವನು ಹಾ ಹಾ ಎಂದು ಕೈ ಅಡ್ಡ ಹಿಡಿದ. ಬೆಂಡೆಕಾಯಿಯ ತುದಿ ಮುರಿಯದೆ, ತೆಂಗಿನಕಾಯಿ ಅಲ್ಲಾಡಿಸದೆ ವ್ಯಾಪಾರ ಮಾಡುವುದು ಹೇಗೆಂದು ನನಗೆ ತಿಳಿಯಲಿಲ್ಲ. ಇಲ್ಲಿ ಅವನು ಆರಿಸುತ್ತಾನೆ, ನಾವು ನಂಬುತ್ತೇವೆ. ಮರದ ನೆರಳಲ್ಲಿ ವಯಸ್ಸಾದ ಗಂಡಸರು ಕಬ್ಬಿಣದ ಗುಂಡು ಎಸೆದು, ಯಾರದು ಹತ್ತಿರ ಎಂದು ಬಗ್ಗಿ ಅಳೆದು, ಜಗಳವಾಡುತ್ತಿದ್ದರು. ನಮ್ಮ ಹುಡುಗರ ಗೋಲಿಯಾಟವನ್ನೇ ಇವರು ಪೆನ್ಷನ್ ಬಂದ ಮೇಲೆ ಆಡುತ್ತಾರೆ.

ನನ್ನ 'ವೀ' ಆ ಹೊತ್ತಿಗೆ ಪಳಗಿತ್ತು. ಮದಾಂ ಬುಟ್ಟಿ ಹಿಡಿದರೆ ವೀ, ಜಾಮು ಹಿಡಿದರೆ ವೀ. ಅಕ್ರೋಟು ಮಾರುವವಳು ಒಂದು ಒಡೆದು ಕೊಟ್ಟರೆ ವೀ. ಕೇಳಿದ್ದಕ್ಕೆ ಹೌದೆಂದರೆ ಕೊಡುತ್ತಾರೆ ಎಂಬ ಇಷ್ಟು ಸರಳ ವಿಷಯವನ್ನು ತಿಳಿಯಲು ನಾನು ಅರವತ್ತರ ಹತ್ತಿರ ಬಂದು, ಎರಡು ಸಮುದ್ರ ದಾಟಬೇಕಾಯಿತು. ಮನಸ್ಸಿನಲ್ಲಿ ಒಂದು ನಿರ್ಧಾರ ಮಾಡಿದೆ. ಹೊರಡುವ ಮೊದಲು ರಂಗ ಒಂದು ಸಲವಾದರೂ ಕೇಳೇ ಕೇಳುತ್ತಾನೆ. ಕೇಳಿದಾಗ ಹೂಂ ಎನ್ನಬೇಕು. ಒಂದೇ ಅಕ್ಷರ. ಅದೇನು ಬ್ರಹ್ಮವಿದ್ಯೆಯೇ?

ಉಣ್ಣೆಯ ಅಂಗಡಿಯ ಮುಂದೆ ವತ್ಸಲಾ ನಿಂತು ಒಂದು ಜೊತೆ ದಪ್ಪ ಕಾಲುಚೀಲ ಆರಿಸಿದಳು, ನನ್ನ ಪಾದಕ್ಕೆ ಹಿಡಿದು ಅಳತೆ ನೋಡಿದಳು.

"ಇದ್ಯಾಕಮ್ಮ ನನಗೆ? ಮೈಸೂರಲ್ಲಿ ಇದನ್ನ ಯಾವ ಕಾಲಕ್ಕೆ ಹಾಕ್ಕೊಳ್ಳಲಿ?"

"ಡಿಸೆಂಬರಲ್ಲಿ ನಮ್ಮನೆ ನೆಲ ತಣ್ಣಗಿರುತ್ತೆ ಅಕ್ಕ." ಕಾಲುಚೀಲವನ್ನು ಮಡಿಸುತ್ತಾ ಅವಳು ಕೇಳಿದಳು, "ನೀವು ಇವರ ಹತ್ರ ಬಾಯ್ಬಿಟ್ಟು ಹೇಳ್ಬಾರ್ದಾ?"

"ಏನನ್ನ?"

"ಏನಿಲ್ಲ ಬಿಡಿ," ಎಂದು ಅವಳು ಅಂಗಡಿಯವಳ ಕಡೆ ತಿರುಗಿದಳು.

ಡಿಸೆಂಬರು, ನಮ್ಮನೆ ನೆಲ. ಆ ಮಾತನ್ನು ನಾನು ಅಲ್ಲೇ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಅವಳ ಮೇಲೆ ಅಷ್ಟು ದಿನದಿಂದ ಹಲ್ಲು ಕಡಿದಿದ್ದೆನಲ್ಲ, ಕಿವಿ ಮಂದವಾಗಿತ್ತು.

ಪ್ಯಾರಿಸ್, ವಿಮಾನ ನಿಲ್ದಾಣ

ನನ್ನ ವಿಮಾನ ಬೊಂಬಾಯಿಗೆ, ಅವರದು ಸ್ಯಾನ್ ಫ್ರಾನ್ಸಿಸ್ಕೋಗೆ. ನನ್ನದು ಮೊದಲು. ರಂಗ ನನ್ನ ಸೂಟ್‌ಕೇಸು ಎಳೆದುಕೊಂಡು ಮುಂದೆ ಮುಂದೆ ನಡೆದ. ನುಣ್ಣನೆಯ ನೆಲ, ಸೂಟ್‌ಕೇಸು ಸದ್ದಿಲ್ಲದೆ ಉರುಳಿತು. ಏನಾದರೂ ಒಳ್ಳೆಯ ಮಾತಾಡಬೇಕೆಂದು ವತ್ಸಲಾಗೆ ಹೇಳಿದೆ: "ಪೆಟ್ಟಿಗೆ ಚೆನ್ನಾಗಿರೋದನ್ನೇ ತಂದಿದೀಯ ಕಣಮ್ಮ."

"ನಾನಲ್ಲ ಅಕ್ಕ. ಅದು ಇವರು ತಂದಿದ್ದು."

ಕೌಂಟರಿನ ಮುಂದೆ ಸಾಲು. ನಮ್ಮ ಸರದಿ ಹತ್ತಿರವಾಯಿತು. ರಂಗ ಗಡಿಯಾರ ನೋಡಿಕೊಂಡ, ಜೇಬಿನಿಂದ ಕೈ ತೆಗೆದ, ಮತ್ತೆ ಹಾಕಿಕೊಂಡ. ಆಮೇಲೆ ನನ್ನ ಕಡೆಗಲ್ಲ, ಸೂಟ್‌ಕೇಸಿನ ಕಡೆ ನೋಡುತ್ತಾ ಕೇಳಿದ:

"ಅಕ್ಕ, ನಿನಗೆ ಪೇಪರ್ಸ್ ಹಾಕ್ಲಾ? ಆಮೇಲೆ ಬಂದು ನಮ್ಮ ಜೊತೆನೇ ಇದ್ಬಿಡ್ತೀಯಾ?"

ಕೇಳಿಯೇ ಬಿಟ್ಟ. ಹೂಂ ಎನ್ನಲು ಉಸಿರು ಎಳೆದುಕೊಂಡೆ. ಅವನು ಕೇಳಿದ್ದು ಕನ್ನಡದಲ್ಲಿ, ನಮ್ಮ ಮನೆಯ ನಡುಮನೆಯ ಕನ್ನಡದಲ್ಲಿ. ಅದಕ್ಕೆ ನನ್ನ ಬಾಯಿಯಿಂದ ಬಂದದ್ದೂ ನಡುಮನೆಯ ಉತ್ತರವೇ.

"ಬೇಡ ಬಿಡೋ. ನನಗ್ಯಾಕೆ ಆ ದೇಶ. ನಿಮಗೂ ಸುಮ್ನೆ ತೊಂದರೆ."

ಹೇಳಿ, ನಗುತ್ತಾ ನಿಂತೆ. ಎರಡನೇ ಸಲಕ್ಕೆ ಕಾಯುತ್ತಾ ನಿಂತೆ. ಎರಡನೆಯದಕ್ಕೇ ಒಪ್ಪಿಬಿಡುತ್ತೇನೆ, ಮೂರನೆಯದು ಬೇಕಿಲ್ಲ ಎಂದು ಮನಸ್ಸಿನಲ್ಲೇ ಅವನಿಗೆ ರಿಯಾಯಿತಿ ಕೊಟ್ಟೆ.

"ಸರಿ. ನಿನ್ನಿಷ್ಟ," ಎಂದ ರಂಗ.

ಅವನ ಹೆಗಲು ಇಳಿಯಿತು. ಭಾರ ಹೊತ್ತವನು ಇಳಿಸಿದಾಗ ಇಳಿಯುವಂತೆ.

"ಇನ್ನೊಂದ್ಸಲ ಕೇಳ್ರೀ," ಎಂದಳು ವತ್ಸಲಾ.

"ಅಕ್ಕನೇ ಬೇಡ ಅಂದ್ಲಲ್ಲ."

"ಅವರು ಮೊದಲ್ನೇ ಸಲಕ್ಕೆ ಯಾವತ್ತು ಹೂಂ ಅಂದಿದಾರೆ? ಕೋಡುಬಳೆ ಕಥೆ ನನಗೆ ಹೇಳಿದ್ದು ನೀವೇ ಅಲ್ವಾ? ಬಂದೋರಿಗೆಲ್ಲ ಹೇಳ್ಕೊಂಡು ನಗ್ತೀರಿ."

ರಂಗ ಬಗ್ಗಿ ಸೂಟ್‌ಕೇಸಿನ ಪಟ್ಟಿಯನ್ನು ಬಿಗಿ ಮಾಡಿದ. ಅದು ಮೊದಲೇ ಬಿಗಿಯಾಗಿತ್ತು, ಬೆಳಿಗ್ಗೆ ನಾನೇ ಎಳೆದಿದ್ದೆ. ಎದ್ದು, "ಟೈಮಾಯ್ತು ಅಕ್ಕ, ಕರೀತಿದಾರೆ," ಎಂದ.

ಆಗಲಾದರೂ ನಾನು ಬಾಯಿಬಿಡಬಹುದಿತ್ತು ಎನ್ನುತ್ತೀರಿ. ಬಿಡಬಹುದಿತ್ತು. ಆದರೆ ಕೋಡುಬಳೆ ಅವನಿಗೆ ನೆನಪಿತ್ತು. ಮರೆತಿದ್ದಾನೆ, ಅಮೆರಿಕದ ನೀರು ಕುಡಿದು ಬೇಡ ಎಂದರೆ ಬೇಡ ಎಂದೇ ತಿಳಿಯುವವನಾಗಿದ್ದಾನೆ ಎಂದು ನದಿಯ ದಡದಲ್ಲಿ ಕೂತು ನಾನೇ ಅವನ ಪರವಾಗಿ ವಾದಿಸಿಕೊಂಡಿದ್ದೆ. ಮರೆತಿರಲಿಲ್ಲ. ನಾನು ಏನೆನ್ನುತ್ತೇನೆ ಎಂದು ಗೊತ್ತಿದ್ದೇ ಕೇಳಿದ್ದ. ನಾನು ಕಲಿಸಿದ ಪಾಠವನ್ನು ಅಷ್ಟು ಚೆನ್ನಾಗಿ ಉಪಯೋಗಿಸಿದ ವಿದ್ಯಾರ್ಥಿ ಇನ್ನೊಬ್ಬನಿಲ್ಲ.

ವತ್ಸಲಾ ಕಾಲಿಗೆ ಬಿದ್ದಳು. ಎತ್ತಿ ಹಿಡಿದು ಅವಳ ಮುಖವನ್ನು ನೋಡಿದೆ. ಅಷ್ಟು ತಿಂಗಳು ಒಂದೇ ಮನೆಯಲ್ಲಿದ್ದು ಸರಿಯಾಗಿ ನೋಡಿದ್ದು ಅದೇ ಮೊದಲು. "ಕಾಲುಚೀಲ ಹ್ಯಾಂಡ್‌ಬ್ಯಾಗಲ್ಲೇ ಇದೆ ಅಕ್ಕ, ಪ್ಲೇನಲ್ಲಿ ಚಳಿ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಶಾಲಿನಿ ಅಮ್ಮನ ಕೈ ಹಿಡಿದು ನಿಂತು, ಅಪ್ಪನನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಮೈಸೂರು

ಮನೆಗೆ ಬಂದ ಕೆಲವು ದಿನಗಳ ಮೇಲೆ, ಕೆಳಗಿನ ಮನೆಯವರು ಕೂಗಿದರು. ನನಗೆ ಅಮೆರಿಕದಿಂದ ಫೋನು. ಕಾಲುಚೀಲ ಹಾಕಿಕೊಂಡಿದ್ದೆ, ಜೂನಿನ ಸೆಕೆಯಲ್ಲೂ. ಹಾಗೇ ಮೆಟ್ಟಿಲಿಳಿದು ಹೋದೆ.

"ಅಕ್ಕ, ಚೆನ್ನಾಗಿದೀಯಾ?" ರಂಗನ ದನಿ ದೂರದಲ್ಲಿ ಏರಿಳಿಯುತ್ತಿತ್ತು. "ಇಲ್ಲಿ ಆಪ್ರಿಕಾಟ್ ಹಣ್ಣಾಗಿದೆ. ಫೋಟೋಗಳೆಲ್ಲ ಚೆನ್ನಾಗಿ ಬಂದಿದೆ, ಕಳಿಸ್ತೀನಿ. ಇನ್ನೇನಾದ್ರೂ ಬೇಕಾ ನಿನಗೆ?"

"ಬೇಡ," ಎಂದೆ.

ಆ ಕಡೆ ಹಿಂದಿನಿಂದ ವತ್ಸಲಾ ಏನೋ ಹೇಳುತ್ತಿದ್ದಳು.

"ನಿಜವಾಗ್ಲೂ ಬೇಡ್ವಾ ಅಕ್ಕ?" ಎಂದ ರಂಗ.

ಕೊನೆಗೂ ಎರಡನೇ ಸಲ ಕೇಳಿದ್ದ. ಕೆಳಗಿನ ಮನೆಯಾಕೆ ಅಡಿಗೆಮನೆಯಿಂದ ಇಣುಕಿ, ಕಾಫಿ ಕುಡೀತೀರಾ ಎಂದು ಕೈಸನ್ನೆ ಮಾಡಿದರು. ನಾನು ಅವರಿಗೆ ಹೂಂ ಎಂದು ತಲೆಯಾಡಿಸಿದೆ.

"ಬೇಡ ಕಣೋ," ಎಂದು ಫೋನಿಗೆ ಹೇಳಿದೆ. ಆ ಸಲ ನನಗೆ ನಿಜವಾಗಿಯೂ ಬೇಡವಾಗಿತ್ತು.